ಜಾಗ ಇದ್ರೆ ಹಾಡೋರ ಫೋಟೋನೂ ಹಾಕಿ

ಗಣೇಶನ ಹಬ್ಬ ಇನ್ನೂ ದೂರ ಇರುವಾಗಲೇ ಹೊನ್ನಾಳಿಯ ಫ್ಲೆಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮ ಸೀಮೆಯ ಆರ್ಕೆಸ್ಟ್ರಾ ಸೀಸನ್ ಶುರುವಾಗುವುದೇ ಅಲ್ಲಿಂದ. ಗಣಪತಿ ಬಿಡುವ ದಿನ, ದಸರೆ, ನವೆಂಬರ್ ಪೂರ್ತಿ ಎಳೆಯುವ ರಾಜ್ಯೋತ್ಸವ, ಆಮೇಲೆ ಊರೂರ ಜಾತ್ರೆ. ಮುಂಗಾರು ಹಿಡಿಯುವವರೆಗೂ ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಗಾಯಕಿಯರು, ಒಬ್ಬ ಮಿಮಿಕ್ರಿಯವನು ಟೆಂಪೋ ಹತ್ತಿ ಸುತ್ತುತ್ತಲೇ ಇರುತ್ತಾರೆ. ಅವರಿಗಿಂತ ಮುಂಚೆ ಊರಿಗೆ ಅವರ ಬ್ಯಾನರ್ ಬಂದಿರಬೇಕು. ಅದನ್ನು ಡಿಸೈನ್ ಮಾಡುವುದು ನನ್ನ ಹೊಟ್ಟೆಪಾಡು.

ಲಂಡನ್ನಿನಲ್ಲೂ ನಮ್ಮ ಕಸುಬಿನವರಿದ್ದಾರೆ. 2017ರಲ್ಲಿ ಸೈಮನ್ ರ್‍ಯಾಟಲ್ ಲಂಡನ್ ಸಿಂಫನಿ ಆರ್ಕೆಸ್ಟ್ರಾಕ್ಕೆ ಬಂದಾಗ, ವಾದ್ಯಗಾರರ ಮುಂದೆ ನಿಂತು ಅವರು ಕೋಲು ಆಡಿಸುವ ರೀತಿಯನ್ನು ಕ್ಯಾಮೆರಾಗಳಿಂದ ಅಳೆದು, ಆ ಚಲನೆಯನ್ನೇ ಬಣ್ಣದ ಸುರುಳಿಗಳಾಗಿ ಮಾಡಿ ಸೀಸನ್ನಿನ ಪ್ರಚಾರಕ್ಕೆಲ್ಲ ಬಳಸಿದರು. ಮೂಗಿಲ್ಲ, ಮೀಸೆಯಿಲ್ಲ, ಬರೀ ಕೈಯ ಓಟ. ಇಂಥ ಕೆಲಸ ನಾವೂ ಒಂದು ಮಾಡೋಣ ಅಂತ ಗಣಪತಿ ಸಮಿತಿಯ ಹುಡುಗರಿಗೆ ಮೊಬೈಲಿನಲ್ಲಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, “ಭಾರಿ ಚೆನ್ನಾಗೈತೆ ಅಣ್ಣ, ಇದ್ರಾಗೆ ನಮ್ಮ ಅಧ್ಯಕ್ಷರು ಎಲ್ಲಿ ಬರ್ತಾರೆ?” ಅಂದರು.

ಸಿಂಫನಿಗೂ ಕನ್ನಡನಾಡಿಗೂ ನಂಟೇ ಇಲ್ಲವೆಂದಲ್ಲ. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು ನಮ್ಮ ಜಯಚಾಮರಾಜ ಒಡೆಯರು. ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಸಿದ್ದೂ ಮೈಸೂರಿನ ದುಡ್ಡಿನ ಬಲದಿಂದಲೇ. ಆ ಕಛೇರಿಯ ಬ್ಯಾನರ್ ಚನ್ನಗಿರಿಯಲ್ಲಿ ತಯಾರಾಗಿದ್ದರೆ ಮಹಾರಾಜರು ಪೇಟ ಸಮೇತ ಅರ್ಧ ತುಂಬಿ, ಸ್ಟ್ರಾಸ್ ಪಾಪ ಪ್ರಿಂಟರ್ಸ್ ಹೆಸರಿನ ಪಕ್ಕ ಕೂತಿರುತ್ತಿದ್ದ.

ಹತ್ತು ಅಡಿಗೆ ಎಂಟು ಅಡಿ ಬ್ಯಾನರಿನಲ್ಲಿ ಮುಖಗಳನ್ನು ಕೂರಿಸುವುದು ಮದುವೆ ಮನೆಯಲ್ಲಿ ಬೀಗರನ್ನು ಪಂಕ್ತಿಗೆ ಕೂರಿಸುವುದಕ್ಕಿಂತ ನಾಜೂಕಿನ ಕೆಲಸ. ಮೇಲೆ ದುಂಡು ಚೌಕಟ್ಟಿನಲ್ಲಿ ಸ್ವಾಮೀಜಿಗಳು. ಎಡಕ್ಕೆ ಹಾಲಿ ಶಾಸಕರು, ಬಲಕ್ಕೆ ಮಾಜಿ. ಇಬ್ಬರ ತಲೆಯೂ ಒಂದೇ ಅಳತೆ, ಸ್ಕೇಲ್ ಇಟ್ಟು ನೋಡುವವರಿದ್ದಾರೆ. 2021ರ ಅಕ್ಟೋಬರಿನಿಂದೀಚೆಗೆ ಪುನೀತ್ ರಾಜ್‌ಕುಮಾರ್ ನಗು ಎಲ್ಲ ಪಕ್ಷದವರಿಗೂ ಬೇಕು. ಅವರೊಬ್ಬರ ವಿಷಯದಲ್ಲಿ ಜಗಳವಿಲ್ಲ. ಕೆಳಗೆ ‘ಶುಭ ಕೋರುವವರು’ ಎರಡು ಸಾಲು, ಕೂಲಿಂಗ್ ಗ್ಲಾಸು ಹಾಕಿಕೊಂಡು, ಕೈ ಮುಗಿದುಕೊಂಡು. ಎಲ್ಲ ಮುಗಿದ ಮೇಲೆ ಒಬ್ಬ ಹೊಸಲು ದಾಟುತ್ತಾ ತಿರುಗಿ ಹೇಳುತ್ತಾನೆ: “ಅಣ್ಣಾ, ಜಾಗ ಇದ್ರೆ ಹಾಡೋರ ಫೋಟೋನೂ ಹಾಕಿಬಿಡು.”

ಜಾಗ ತಿನ್ನುವುದು ಮುಖಗಳಷ್ಟೇ ಅಲ್ಲ. ‘ಆರ್ಕೆಸ್ಟ್ರಾ’ ಎಂದು ದಪ್ಪಕ್ಷರದಲ್ಲಿ ಬರೆದು ನೋಡಿ. ಮಧ್ಯದಲ್ಲಿ ಅರ್ಕಾವತ್ತು ಅಡ್ಡ ನಿಲ್ಲುತ್ತದೆ. ಸಕಾರದ ಕೆಳಗೆ ಟಕಾರದ ಒತ್ತು, ಅದರ ಬಾಲಕ್ಕೆ ರಕಾರದ ಒತ್ತು ಜೋತುಬಿದ್ದು, ಕೆಳಗಿನ ಗಾಯಕಿಯ ಮುಡಿಗೆ ಬಂದು ತಾಗುತ್ತದೆ. ಸಮಿತಿಯವರು ವಾಟ್ಸಾಪಿನಲ್ಲಿ ಕಳಿಸಿದ ಮ್ಯಾಟರನ್ನು ಹಳೇ ನುಡಿ ಫಾಂಟಿಗೆ ಹಾಗೇ ಅಂಟಿಸಿದರಂತೂ ಪರದೆಯ ತುಂಬ ಚೌಕಗಳೇ. ಲಂಡನ್ನಿನವರದು ಎಲ್, ಎಸ್, ಓ ಮೂರೇ ಅಕ್ಷರ; ಒತ್ತಿನ ಕಷ್ಟ ಅವರಿಗೇನು ಗೊತ್ತು?

ಒಂದೇ ತಂಡ, ಒಂದೇ ಹಾಡಿನ ಪಟ್ಟಿ, ಆದರೆ ನಾಲ್ಕು ಊರಿಗೂ ಒಂದೇ ಡಿಸೈನ್ ನಡೆಯುವುದಿಲ್ಲ. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನ ಕಾಲ. ರಾಶಿಗೆ ರೇಟು ಬಂದ ವರ್ಷ ಖೇಣಿದಾರರ ಫೋಟೋ ಸಾಲು ಸಾಲಾಗಿ ಬರುತ್ತವೆ, ಹಿಂದೆ ಕಡ್ಡಾಯವಾಗಿ ಸಂತೇಬೆನ್ನೂರಿನ ಪುಷ್ಕರಣಿ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ, ಹಳೇ ಫೈಲಿನಲ್ಲಿ ‘ಹೊನ್ನಾಳಿ ತಾ.’ ಅಂತ ಉಳಿದಿದ್ದರೆ ಅಡ್ವಾನ್ಸ್ ವಾಪಸ್ ಕೇಳುವಷ್ಟು ಅಭಿಮಾನ ಅಲ್ಲಿ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಅದೇ ತಾಲ್ಲೂಕು. ಫೆಬ್ರವರಿಯ ಜಯಂತಿಗೆಂದು ಲಂಬಾಣಿ ಅಜ್ಜಿಯೊಬ್ಬರ ಕನ್ನಡಿ ಹೊಲಿಗೆಯ ರವಿಕೆಯನ್ನು ಹತ್ತಿರದಿಂದ ಫೋಟೋ ತೆಗೆದು ಹಿನ್ನೆಲೆಗೆ ಹಾಕಿದ್ದೆ. ಒಂದೊಂದು ಕನ್ನಡಿಯಲ್ಲೂ ನನ್ನ ಮೊಬೈಲು, ಅದರ ಹಿಂದೆ ನನ್ನ ಬೋಳುತಲೆ ಚುಕ್ಕಿಯಷ್ಟು ಕಾಣುತ್ತಿದ್ದವು. ನಾನು ಮಾಡಿದ್ದರಲ್ಲಿ ಲಂಡನ್ನಿಗೆ ಕಳಿಸುವಂಥದ್ದು ಅದೊಂದೇ. ಜಗಳೂರಿನವರು ಮಾತ್ರ ಆಕಾಶ ನೋಡಿಯೇ ಆರ್ಡರ್ ಕೊಡುವವರು. ಮಳೆ ಕೈಕೊಟ್ಟರೆ ಆರ್ಕೆಸ್ಟ್ರಾ ರದ್ದು, ಭಜನೆ ಖಾಯಂ. ಅಲ್ಲಿನ 57 ಕೆರೆ ತುಂಬಿಸುವ ಯೋಜನೆಯ ನೀರು ಕೋಡಿ ಬಿದ್ದ ಕಡೆ, ಹಾಡೋರ ಜಾಗಕ್ಕೆ ಈಗ ಕೆರೆಯೂ ಪೈಪೋಟಿಗೆ ಇಳಿದಿದೆ.

2016ರ ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ನಾನು ಬಟ್ಟೆಗೆ ಬಂದೆ, ಗಿರಾಕಿಗಳ ಬಾಯಲ್ಲಿ ಅದೂ ಫ್ಲೆಕ್ಸೇ. ಬಟ್ಟೆ ಇಂಕು ಕುಡಿದು ಎಲ್ಲರೂ ಒಂದು ಸುತ್ತು ಕಪ್ಪಾಗಿ ಕಾಣುತ್ತಾರೆ. ಅದಕ್ಕೆ ಫೈಲಿನಲ್ಲೇ ಮುಂಚಿತವಾಗಿ ಬೆಳ್ಳಗೆ ಮಾಡಿಟ್ಟಿರುತ್ತೇನೆ.

ಇಷ್ಟೆಲ್ಲ ಮಾಡಿದರೂ ಜನ ಸೇರಿಸುವುದು ಮೈಕ್ ಕಟ್ಟಿದ ಆಟೋವೇ. ಆಟೋದವನಿಗೆ ಫೋಟೋದ ಹಂಗಿಲ್ಲ. ಮೊದಲು ಗಾಯಕಿಯರ ಹೆಸರು, ಮಿಮಿಕ್ರಿಯವನ ಹೆಸರು, ಆಮೇಲೆ ಶಾಸಕರು, ದಾನಿಗಳು. ಅಧ್ಯಕ್ಷರ ಸರದಿ ಬರುವಷ್ಟರಲ್ಲಿ ಆಟೋ ಬಸ್ ಸ್ಟ್ಯಾಂಡ್ ದಾಟಿ ಹೊಳೆ ದಾರಿ ಹಿಡಿದಿರುತ್ತದೆ. ಈ ಸಲ ಸಮಿತಿಯವರಿಗೆ ಅದು ಗೊತ್ತಾಗಿದೆ. ಪೂರ್ತಿ ಪಟ್ಟಿ ಮುಗಿಯುವವರೆಗೆ ಬಸ್ ಸ್ಟ್ಯಾಂಡ್ ಬಿಟ್ಟು ಅಲ್ಲಾಡಬಾರದು ಅಂತ ಆಟೋದವನಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟಿದ್ದಾರೆ.