ಹಾಲು ಸೊಸೆದು, ಹುಕುಂ ಅತ್ತೆದು

ಆಕಳು ಈದರೆ ನಮ್ಮ ಸೇಡಂ ಕಡೆ ಓಣಿಗೆಲ್ಲ ಸುದ್ದಿ. ಗಿಣ್ಣದ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಾಸಿ ಬಟ್ಟಲಗಟ್ಟಲೆ ಹಂಚುತ್ತಾರೆ. ಅದೇ ಮನೆಯ ಸೊಸೆ ಹಡೆದರೆ ಅವಳ ಮೊದಲ ಹಳದಿ ಹಾಲನ್ನು ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲಿಸುವವರಿದ್ದರು. ಫರಸಿಕಲ್ಲಿನ ಬೇಲಿಯಾಚೆ ಅಕ್ಕಿ ಹಸನು ಮಾಡುತ್ತ ಕೂತಿದ್ದ ಕಾಕಿಗೆ ಇದನ್ನೇ ಅಂದೆ.

“ಅದು ಹಳೀ ಮಾತು ಬಿಡವ್ವಾ. ಈಗ ದವಾಖಾನ್ಯಾಗ ಹಡೀತಾರ. ನರ್ಸಬಾಯಿ ತಾಸಿನೊಳಗ ಕೂಸಿನ್ನ ಎದಿಗಿ ಹಚ್ಚತಾಳ” ಅಂದರು ಕಾಕಿ.

ಒಪ್ಪಿದೆ. ಚಿಂಚೋಳಿಯ ತಾಂಡಾದಲ್ಲಿ ಕೇಳಿ, ವಾಡಿಯ ಕಾಲೊನಿಯಲ್ಲಿ ಕೇಳಿ, ಆಶಾ ಕಾರ್ಯಕರ್ತೆ ಹೇಳಿಕೊಟ್ಟ ಪಾಠ ಬಾಯಿಪಾಠ: ತಾಸಿನೊಳಗೆ ಮೊದಲ ಹಾಲು, ಆರು ತಿಂಗಳು ಬರೀ ಎದೆಹಾಲು, ಆಮೇಲೆ ಮೆತ್ತನೆ ಊಟದ ಜತೆ ಎರಡು ವರ್ಷ ತುಂಬುವವರೆಗೆ. ಆದರೆ ಪಾಠ ಕಲಿತವಳು ಒಬ್ಬಳು, ಮನೆಯಲ್ಲಿ ಹುಕುಂ ನಡೆಯುವುದು ಇನ್ನೊಬ್ಬರದು.

ಬೇಸಿಗೆಯಲ್ಲಿ ಈ ಹುಕುಂ ಎದ್ದು ಕಾಣುತ್ತದೆ. ಬಿಸಿಲು 43 ಡಿಗ್ರಿ ದಾಟಿ ಶಹಾಬಾದ್ ಕಲ್ಲಿನ ಮೇಲೆ ಕಾಲಿಡಲಾಗದ ಹೊತ್ತಿಗೆ ಅತ್ತೆಯ ಕರುಳು ಚುರ್ ಅನ್ನುತ್ತದೆ.

“ದೊಡ್ಡವರೇ ಬಾಯಿ ಬಿಡ್ತೀವಿ. ಕೂಸಿನ ಗಂಟ್ಲ ಒಣಗಂಗಿಲ್ಲೇನು? ಒಂದ್ ಚಮಚಾ ನೀರು ಹಾಕಿದ್ರ ಏನಾಗ್ತದ?” ಅಂದರು ಕಾಕಿ.

ಆಗುವುದು ಇಷ್ಟು, ಕಾಕಿ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ, ನಮ್ಮ ಬಿಸಿಲಿಗೂ ಅಷ್ಟು ಸಾಕು. ಪುಟ್ಟ ಹೊಟ್ಟೆಗೆ ಬೇರೆ ನೀರು ಬಿದ್ದರೆ ಕೂಸು ಮೊಲೆ ಚೀಪುವುದು ಕಡಿಮೆ. ಚೀಪುವುದು ಕಡಿಮೆಯಾದರೆ ಹಾಲು ಊರುವುದೂ ಕಡಿಮೆ. ತಿಂಗಳೊಪ್ಪತ್ತಿನಲ್ಲಿ ಅದೇ ಬಾಯಿಂದ “ನಿನ್ನ ಹಾಲ ಸಾಲವಲ್ದು” ಅನ್ನುವ ತೀರ್ಪು ಬರುತ್ತದೆ, ಹಿಂದೆಯೇ ಹಾಲಿನ ಪುಡಿಯ ಡಬ್ಬಿ. ನೀರಿನ ಜತೆ ಬರುವ ಭೇದಿ ಬೇರೆ.

ಇನ್ನೂ ತಮಾಷೆ ಎಂದರೆ ಅದೇ ಮನೆಯಲ್ಲಿ ಬಾಣಂತಿಗೆ ನೀರಿನ ಕಟ್ಟು! ಹೆಚ್ಚು ಕುಡಿದರೆ ಥಂಡಿ, ಹೊಟ್ಟೆ ಬರುತ್ತದೆ ಎಂದು ಲೋಟಕ್ಕೆ ಲೆಕ್ಕ. ನೀರು ಬೇಕಾದವಳಿಗೆ ಇಲ್ಲ, ಬೇಡದ ಕೂಸಿಗೆ ಚಮಚೆ ಹಿಡಿದು ನಿಲ್ಲುತ್ತಾರೆ. ಸಬ್ಬಸಗಿ ಪಲ್ಯ, ಅಳವಿ ಪಾಯಸ, ಅಂಟಿನುಂಡಿ, ಬಳ್ಳೊಳ್ಳಿ ಮಾಡಿ ಉಣಿಸುವುದರಲ್ಲಿ ನಮ್ಮ ಅತ್ತೆಯರಿಗೆ ಸಾಟಿಯಿಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ಪಕ್ಕದಲ್ಲಿ ಒಂದು ತಂಬಿಗೆ ನೀರನ್ನೂ ಇಡಿ ಅನ್ನುತ್ತೇನೆ, ಅಷ್ಟೆ. ಕೂಸಿನ ನಾಲಿಗೆಗೆ ಜೇನು ನೆಕ್ಕಿಸುವುದೂ ವರ್ಷ ತುಂಬುವವರೆಗೆ ಬೇಡ. ಅದರಲ್ಲಿ ವಿಷ ಹುಟ್ಟಿಸುವ ಒಂದು ಬ್ಯಾಕ್ಟೀರಿಯಾ ಇರಬಹುದು, ಎಳೆಯ ಕರುಳು ತಡೆಯದು.

“ಎಲ್ಲಾ ಅತ್ತಿ ಮ್ಯಾಲೇ ಹಾಕಬ್ಯಾಡ” ಎಂದು ಕಾಕಿ ಮೊರ ಕೆಳಗಿಟ್ಟರು. “ಚಿತ್ತಾಪುರದಾಗ ತೊಗರಿ ಹೊಲಕ್ಕ ಕಳೇವು ತಗ್ಯಾಕ ಹೋದಾಕಿ ಸಂಜಿಗಿ ಬರತಾಳ. ಅಲ್ಲೀತನಕ ಕೂಸು ಯಾರ ಎದಿಗಿ ಹಚ್ಚಲಿ, ನಂದಾ?”

ಇಲ್ಲಿ ನಾನು ಸೋತೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರ ಸಂಬಳದ ರಜೆ ಕೊಟ್ಟಿತು; 50 ಜನ ದುಡಿಯುವಲ್ಲಿ ಕೂಸಿನ ಕೋಣೆಯೂ ಇರಬೇಕೆಂದಿತು. ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ ಕೂತವಳಿಗೆ ಅದು ದಕ್ಕೀತು. ದಿನಗೂಲಿಗೆ ಕಳೆ ಕೀಳುವವಳ, ಕಲ್ಲಿನ ಗಣಿಯಲ್ಲಿ ಬುಟ್ಟಿ ಹೊರುವವಳ ಹೆಸರು ಯಾವ ಹಾಜರಿಯಲ್ಲಿದೆ? ಡಬ್ಬಿ ಮಾರುವವರಿಗೆ 1992ರ ಕಾನೂನು ಜಾಹೀರಾತು ಬೇಡ, ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಬೇಡ ಎಂದು ಮೂಗುದಾರ ಹಾಕಿದೆ. ಕೂಲಿಯವಳಿಗೆ ಬಿಡುವು ಕೊಡುವ ಕಾನೂನು ಮಾತ್ರ ನಮ್ಮ ಹೊಲದ ಬದುವಿನವರೆಗೆ ಬಂದಿಲ್ಲ.

ಆಗಸ್ಟ್ 1ರಿಂದ 7ರವರೆಗೆ ಸ್ತನ್ಯಪಾನ ಸಪ್ತಾಹ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರನ್ನು ಕೂರಿಸಿ ಪಾಠ ಹೇಳುತ್ತಾರೆ.

“ಈ ಸರ್ತಿ ನಮ್ಮನ್ನ ಕರೀರಿ ಅನ್ನು. ಅತ್ತೆಂದಿರು ಹೋಗಿ ಕೂಡ್ತೀವಿ” ಅಂದರು ಕಾಕಿ, “ಅವರು ಮನ್ಯಾಗ ಮಲಕೊಳ್ಳಲಿ.”