ಗುಂಡನ ಪರವಾಗಿ

ಹೆಣ್ಣು ನಾಯಿಗೆ ಆಪರೇಷನ್ ಮಾಡಿಸುವ ಮಾತು ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಚರ್ಚೆಯೇ ನಡೆಯುವುದಿಲ್ಲ. ‘ಮರಿ ಹಾಕಿದ್ರೆ ನೋಡ್ಕೊಳ್ಳೋರು ಯಾರು?’ ಎಂದು ಯಾರೋ ಒಬ್ಬರು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಗಂಡು ನಾಯಿಯ ಮಾತೆತ್ತಿ ನೋಡಿ. ಪೇಪರ್ ಓದುತ್ತಿದ್ದ ಗಂಡಸರು ಪೇಪರ್ ಕೆಳಗಿಡುತ್ತಾರೆ. ಕಾಲು ಚಾಚಿ ಕೂತವರು ಕಾಲು ಮಡಚುತ್ತಾರೆ. ‘ಪಾಪ, ಮೂಕಪ್ರಾಣಿ’ ಎಂದು ಶುರುವಾದದ್ದು ಪ್ರಕೃತಿ, ಕರ್ಮ, ಪುನರ್ಜನ್ಮ ಎಲ್ಲವನ್ನೂ ಸುತ್ತಿಕೊಂಡು ಎರಡನೆಯ ಕಾಫಿಯ ತನಕ ಬರುತ್ತದೆ. ಹಾಗೆ ನೋಡಿದರೆ ದೊಡ್ಡ ಶಸ್ತ್ರಚಿಕಿತ್ಸೆ ಹೆಣ್ಣಿನದೇ, ಹೊಟ್ಟೆಯನ್ನೇ ತೆರೆಯಬೇಕು. ಗಂಡಿನದು ಚರ್ಮದಲ್ಲೊಂದು ಸಣ್ಣ ಸೀಳು, ನಾಲ್ಕಾರು ಹೊಲಿಗೆ, ಸಂಜೆಗೆ ಮನೆ.

ನಮ್ಮ ಗುಂಡ ಅರ್ಧ ಲ್ಯಾಬ್ರಡಾರ್, ಇನ್ನರ್ಧ ಮೈಸೂರಿನ ಸರಸ್ವತಿಪುರಂ. ತಾಯಿಯ ವಂಶಾವಳಿ ಕಾಗದದ ಮೇಲಿದೆ. ತಂದೆ ಯಾರೆಂಬುದರ ಬಗ್ಗೆ ಆ ಬಡಾವಣೆಯವರಲ್ಲಿ ಭಿನ್ನಾಭಿಪ್ರಾಯಗಳಿವೆ. ಮರಿಯಾಗಿದ್ದಾಗ ಅವನಿಗೆ ಮೊಸರನ್ನ ಮತ್ತು ಅಮ್ಮನ ಚಪ್ಪಲಿ, ಇವೆರಡರಾಚೆ ಲೋಕವೇ ಇರಲಿಲ್ಲ. ಆಮೇಲೆ ಒಂದು ಕಾರ್ತೀಕ ಬಂತು. ಬೀದಿಯ ಹೆಣ್ಣು ನಾಯಿಗಳು ಬೆದೆಗೆ ಬರುವ ಕಾಲ. ಗುಂಡ ಗೇಟಿನ ಕೆಳಗಿನ ಸಂದಿಗೆ ಮೂಗು ತೂರಿಸಿ ಮಲಗಿಬಿಟ್ಟ. ಬೆಳಿಗ್ಗೆ ತಿರುಗಾಡಿಸಲು ಕರೆದೊಯ್ದರೆ ಲೈಟ್ ಕಂಬದ ಬುಡವನ್ನು ಒಮ್ಮೆ ನೆಕ್ಕುತ್ತಾನೆ, ತಲೆ ಎತ್ತುತ್ತಾನೆ. ಕೆಳದವಡೆ ಟಕಟಕನೆ ಅದುರತೊಡಗುತ್ತದೆ, ತುಟಿಯಂಚಿಗೆ ನೊರೆ ಬರುತ್ತದೆ, ಕಣ್ಣು ನಮ್ಮ ಮೇಲಿದ್ದರೂ ನಮ್ಮನ್ನು ನೋಡುತ್ತಿರುವುದಿಲ್ಲ. ‘ಗುಂಡಾ’ ಎಂದರೆ ಕಿವಿ ಕೂಡ ಅಲುಗುವುದಿಲ್ಲ. ರಾತ್ರಿ ಊಳು. ಮೂರನೆಯ ಮನೆಯವರು ಫೋನ್ ಮಾಡಿ ‘ಸರ್, ಯಾರಾದ್ರೂ ಹೋಗ್ಬಿಟ್ರಾ?’ ಎಂದು ವಿಚಾರಿಸಿಕೊಂಡರು. ಒಂದು ಬೆಳಿಗ್ಗೆ ಕಾಂಪೌಂಡ್ ಹಾರಿ ನಾಪತ್ತೆ. ಸಂಜೆ ಬಂದವನ ಕಿವಿ ಹರಿದಿತ್ತು, ಮುಖದಲ್ಲಿ ಪಶ್ಚಾತ್ತಾಪದ ಲವಲೇಶವೂ ಇರಲಿಲ್ಲ.

‘ಆಪರೇಷನ್ ಮಾಡ್ಸೋಣ ರೀ’ ಎಂದು ನನ್ನ ಹೆಂಡತಿ ಹೇಳಿದ್ದು ಆ ಕಿವಿಗೆ ಅರಿಶಿನ ಹಚ್ಚುತ್ತಾ.

ನಾನು ಗುಂಡನ ಪರ ವಕಾಲತ್ತು ವಹಿಸಿದೆ. ಎದುರು ಮನೆಯವರೂ ಜೊತೆಗೂಡಿದರು. ‘ಒಂದ್ಸಲ ಕ್ರಾಸ್ ಮಾಡಿಸಿಬಿಡಿ ಸರ್, ತಣ್ಣಗಾಗ್ತಾನೆ’ ಎಂಬುದು ಅವರ ಸಲಹೆ. ಈ ಸಲಹೆ ಕೊಡದ ಗಂಡಸನ್ನು ನಾನಿನ್ನೂ ಕಂಡಿಲ್ಲ. ಸರಿ, ಹುಡುಗಿ ಎಲ್ಲಿ? ಜಾತಕ ತರುವವರು ಕೆನೆಲ್ ಕ್ಲಬ್ಬಿನ ಕಾಗದ ಕೇಳುತ್ತಾರೆ. ಅದಿದ್ದರೆ ಗಂಡಿನ ಕಡೆಯವರಿಗೆ ಮರಿಗಳಲ್ಲಿ ಒಂದು ಪಾಲೂ ಉಂಟು. ಗುಂಡನ ಸರಸ್ವತಿಪುರಂ ಭಾಗಕ್ಕೆ ಕಾಗದ ಕೊಡುವ ಕಚೇರಿ ಇಲ್ಲ. ಮುಧೋಳ ನಾಯಿಯಾಗಿ ಹುಟ್ಟಿದ್ದರೆ ಮಾತು ಬೇರೆ ಇತ್ತು. ಆ ತಳಿಗೆ 2005ರಲ್ಲಿ ಅಂಚೆಚೀಟಿ ಬಂದಿದೆ, ಬಾಗಲಕೋಟೆ ಜಿಲ್ಲೆಯಲ್ಲಿ ಸಂಶೋಧನಾ ಕೇಂದ್ರವಿದೆ. ವಂಶ ಬೆಳೆಸುವುದು ಅಲ್ಲಿ ನಾಡಸೇವೆ. ಗುಂಡನ ವಂಶ ನಿಂತರೆ ನಾಡು ತಡೆದುಕೊಳ್ಳುತ್ತದೆ.

ಅಮ್ಮ ನನ್ನ ಕಡೆ ಬರುತ್ತಾಳೆಂದುಕೊಂಡಿದ್ದೆ. ಅವಳು ಹುಣಸೂರಿನ ಕಡೆಯ ಬೇಸಾಯದ ಮನೆಯವಳು. ‘ಬೀಜ ಒಡೆಸದ ಹೋರಿ ಕಟ್ಟಿ ಉತ್ತೋರು ಯಾರೋ? ನಮ್ಮಪ್ಪ ಆಸ್ಪತ್ರೆಗೆ ಹೊಡ್ಕೊಂಡು ಹೋಗಿ ಇಕ್ಕಳ ಹಾಕಿಸ್ಕೊಂಡು ಬರ್ತಿದ್ರು. ಎರಡು ದಿನ ಮಂಕಾಗಿರ್ತಿತ್ತು, ಆಮೇಲೆ ಹುಲ್ಲು ತಿಂತಿತ್ತು’ ಎಂದಳು. ಅದು ಇಟಲಿಯವರು ಕಂಡುಹಿಡಿದ ಬುರ್ಡಿಜೋ ಎಂಬ ದೊಡ್ಡ ಇಕ್ಕಳ. ಚರ್ಮ ಕೊಯ್ಯದೆ ಒಳಗಿನ ನಾಳವನ್ನಷ್ಟೇ ಜಜ್ಜುತ್ತದೆ. ‘ಗುಂಡ ಏನು ಗದ್ದೆ ಉಳ್ಬೇಕಾ ಅಮ್ಮ?’ ಎಂದೆ. ‘ಉಳಲ್ಲ, ಅದಕ್ಕೇ ಹೀಗೆ ಪೋಲಿ ಬಿದ್ದಿರೋದು’ ಎಂದಳು. ಅವಳ ಕಣ್ಣು ಗುಂಡನ ಮೇಲಿರಲಿಲ್ಲ.

ನಾನು ವಿದೇಶದ ಸಾಕ್ಷ್ಯಗಳಿಗೆ ಕೈಹಾಕಿದೆ. ನಾರ್ವೆಯಲ್ಲಿ ಸಕಾರಣವಿಲ್ಲದೆ ಪ್ರಾಣಿಯ ಅಂಗ ತೆಗೆಯಲು ಕಾನೂನು ಬಿಡುವುದಿಲ್ಲ ಎಂದೆ. ‘ನಾರ್ವೆಯ ಬೀದೀಲಿ ಕಾರ್ತೀಕ ಮಾಸ ಬರಲ್ಲ ರೀ’ ಎಂದಳು ಹೆಂಡತಿ. ಅಮೆರಿಕದ ಗ್ರೆಗ್ ಮಿಲ್ಲರ್ ಎಂಬಾತ ‘ನ್ಯೂಟಿಕಲ್ಸ್’ ಎಂಬ ಕೃತಕ ವೃಷಣಗಳನ್ನೇ ತಯಾರಿಸಿದ್ದಾನೆ; ನಾಯಿಗೆ ಕೀಳರಿಮೆ ಬಾರದಿರಲಿ ಎಂದು ಆಪರೇಷನ್ ಹೊತ್ತಿನಲ್ಲೇ ಒಳಗಿಟ್ಟು ಹೊಲಿಯಬಹುದು. ಮೂರು ಅಳತೆ, ಮೂರು ಬಗೆಯ ಗಡಸುತನ. 2005ರಲ್ಲಿ ಅವನಿಗೆ ವೈದ್ಯಕೀಯದ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ಹೆಂಡತಿ ಪೂರ್ತಿ ಕೇಳಿಸಿಕೊಂಡು, ‘ಅದನ್ನ ನೋಡಿ ಸಮಾಧಾನ ಪಡೋದು ಯಾರು, ನಾಯೀನಾ?’ ಎಂದಳು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಮಗೆ ಎರಡನೆಯ ಮಗು ಆದಾಗ ಆಪರೇಷನ್ ಯಾರು ಮಾಡಿಸಿಕೊಂಡದ್ದು ಎಂದು ಅವಳು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಈ ಊರಿಗೆ ಅದರಲ್ಲಿ ಹಳೆಯ ಹೆಸರಿದೆ: 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. ಅಲ್ಲಿಂದ ಇಲ್ಲಿಯ ತನಕ ಗಂಡಸರು ಎಷ್ಟು ಮುಂದೆ ಬಂದಿದ್ದಾರೆಂದು ನೋಡಬೇಕಾದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿ ಆಪರೇಷನ್ ಮಾಡಿಸಿಕೊಂಡವರು ಶೇಕಡ 37.9, ಗಂಡ ಮಾಡಿಸಿಕೊಂಡವರು ಶೇಕಡ 0.3. ಆ ಪಾಯಿಂಟ್ ಮೂರರಲ್ಲಿ ನಾನಿಲ್ಲ, ಎದುರು ಮನೆಯವರೂ ಇಲ್ಲ. ಮೂಕಪ್ರಾಣಿಯ ಮೇಲೆ ನಮಗೆ ಉಕ್ಕಿದ ಕರುಣೆಯ ಮೂಲ ನನಗೆ ಆಗ ಸ್ವಲ್ಪ ಕಂಡಿತು.

ಕೊನೆಗೆ ಪಶುವೈದ್ಯರ ಹತ್ತಿರ ಹೋದೆವು. ಅವರು ಯಾರ ಪರವೂ ಇರಲಿಲ್ಲ, ಅದು ನನಗೆ ಹಿಡಿಸಿತು. ‘ಒಂದ್ಸಲ ಕೂಡಿಸಿದ್ರೆ ತಣ್ಣಗಾಗಲ್ಲ ಸಾರ್, ರುಚಿ ಗೊತ್ತಾಗುತ್ತೆ ಅಷ್ಟೆ’ ಎಂದು ಮೊದಲ ವಾದವನ್ನು ಪಕ್ಕಕ್ಕಿಟ್ಟರು. ದೊಡ್ಡ ತಳಿಗಳಿಗೆ ಒಂದು ವರ್ಷದೊಳಗೇ ಅವಸರ ಮಾಡಿದರೆ ಕೀಲಿನ ತೊಂದರೆ ಬರುವುದು ಹೆಚ್ಚು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳಲ್ಲಿ ಇದನ್ನು ತೋರಿಸಿ, 2020ರಲ್ಲಿ 35 ತಳಿಗಳಿಗೆ ಬೇರೆಬೇರೆ ಲೆಕ್ಕ ಕೊಟ್ಟರಂತೆ. ಗುಂಡ ಆ ವಯಸ್ಸು ದಾಟಿದ್ದಾನೆ. ಮಾಡಿಸಿದರೆ ವೃಷಣದ ಗಡ್ಡೆಯ ಭಯವಿಲ್ಲ, ಮುಪ್ಪಿನಲ್ಲಿ ಪ್ರಾಸ್ಟೇಟ್ ಊದಿಕೊಂಡು ನರಳುವುದೂ ಇಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರನ್ನು ಅದು ತಡೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದರು. ಬೀದಿ ಅಲೆಯುವ ಗಂಡಿಗೆ ಇನ್ನೊಂದು ಅಪಾಯವುಂಟು. ಕೂಡುವಾಗ ನಾಯಿಯಿಂದ ನಾಯಿಗೆ ದಾಟುವ ಒಂದು ಗಡ್ಡೆ, ನಮ್ಮ ಬೀದಿಗಳಲ್ಲಿ ಸಾಮಾನ್ಯ. ಅದಕ್ಕೆ ವಾರವಾರ ವಿನ್‌ಕ್ರಿಸ್ಟೀನ್ ಇಂಜೆಕ್ಷನ್ ಕೊಡಿಸಬೇಕು.

‘ಸ್ವಭಾವ ಬದಲಾಗುತ್ತಾ?’ ಎಂದೆ. ಅಲೆಯುವುದು, ಕಂಡಕಂಡಲ್ಲಿ ಕಾಲೆತ್ತುವುದು ಬಹುಮಟ್ಟಿಗೆ ತಗ್ಗಬಹುದು. ಹೆದರಿಕೆಯಿಂದ ಬೊಗಳುವವನು ಹೆದರುತ್ತಲೇ ಇರುತ್ತಾನೆ. ಗುಂಡನಿಗೆ ಗ್ಯಾಸ್ ಸಿಲಿಂಡರ್ ತರುವವನನ್ನು ಕಂಡರೆ ಪ್ರಾಣಭಯ. ಆ ಸಂಬಂಧ ಹಾಗೇ ಮುಂದುವರಿಯುತ್ತದೆ. ಹಸಿವು ಏರಿ ಮೈ ಬರುತ್ತದೆ, ಊಟ ಸುಮಾರು ಕಾಲುಭಾಗ ಕಡಿಮೆ ಮಾಡಬೇಕು. ಇಲ್ಲಿ ಡಾಕ್ಟರು ಗುಂಡನ ಹೆಸರನ್ನು ಚೀಟಿಯಲ್ಲಿ ಇನ್ನೊಮ್ಮೆ ಓದಿ ಸುಮ್ಮನಾದರು.

ಆಸ್ಪತ್ರೆಯಿಂದ ಬರುವಾಗ ಬೇಕರಿಯ ಮುಂದೆ ನಮ್ಮ ಬೀದಿಯ ಕೆಂಚ ಮಲಗಿದ್ದ. ಕಿವಿಯ ತುದಿ ಕತ್ತರಿಸಿದೆ. ಪಾಲಿಕೆಯವರು ಹಿಡಿದುಕೊಂಡು ಹೋಗಿ, ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ನಿಯಮದಂತೆ ಹಿಡಿದ ಜಾಗಕ್ಕೇ ತಂದು ಬಿಟ್ಟದ್ದರ ಗುರುತು ಅದು. ಅವನ ಪರ ಯಾರೂ ನಾರ್ವೆಯ ಕಾನೂನು ಓದಿರಲಿಲ್ಲ. ಗುಂಡ ಹಗ್ಗ ಜಗ್ಗಿದ. ಕೆಂಚ ಒಂದು ಕಣ್ಣು ತೆರೆದು, ಬನ್ನಿನ ತುಂಡು ಹತ್ತಿರದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮುಚ್ಚಿದ. ನನಗನಿಸಿದ್ದು ಇಷ್ಟು: ಗುಂಡನ ಹಕ್ಕನ್ನು ನಾವು ಗೇಟಿಗೆ ಬೀಗ ಹಾಕಿದ ದಿನವೇ ಕಿತ್ತುಕೊಂಡಾಗಿದೆ. ಈಗ ಉಳಿದಿರುವುದು ಬರೀ ಆಸೆ. ಅದನ್ನು ಪ್ರತಿ ಕಾರ್ತೀಕಕ್ಕೂ ಅವನ ಮೈಯಲ್ಲಿ ಉಳಿಸಿ, ಗೇಟಿನ ಸಂದಿಯಲ್ಲಿ ಮೂಗು ತೂರಿಸಿ ಮಲಗಿಸುವುದರಲ್ಲಿ ಏನು ಕರುಣೆ?

ಒಪ್ಪಿದೆ. ಡಾಕ್ಟರು ಡಿಸೆಂಬರ್ ಕೊನೆಯ ವಾರ ಕೊಟ್ಟರು. ಅಮ್ಮ ಪಂಚಾಂಗ ತೆಗೆದು, ‘ಧನುರ್ಮಾಸ ಕಣೋ. ಶುಭಕಾರ್ಯ ಮಾಡಬಾರದು’ ಎಂದಳು.

‘ಇದು ಶುಭಕಾರ್ಯ ಅಲ್ಲ ಅತ್ತೆ’ ಎಂದಳು ಹೆಂಡತಿ.

ಅಮ್ಮ ಕ್ಷಣ ಯೋಚಿಸಿದಳು. ‘ಅದೂ ನಿಜ. ಹಾಗಾದ್ರೆ ಮಾಡಿಸಿ.’

ಈಗ ಉಳಿದಿರುವ ತಕರಾರು ಒಂದೇ. ಹಿಂದಿನ ರಾತ್ರಿಯಿಂದ ಅವನು ಖಾಲಿ ಹೊಟ್ಟೆಯಲ್ಲಿರಬೇಕು. ಧನುರ್ಮಾಸದಲ್ಲಿ ಅಮ್ಮ ನಸುಕಿಗೇ ಎದ್ದು ಹುಗ್ಗಿ ಮಾಡುತ್ತಾಳೆ, ನೈವೇದ್ಯವಾದ ಮೇಲೆ ಮೊದಲ ತುತ್ತು ಗುಂಡನಿಗೆ. ಅದನ್ನು ತಪ್ಪಿಸುವುದು ಕ್ರೌರ್ಯ ಎಂದು ಅವಳು ಪಟ್ಟು ಹಿಡಿದಿದ್ದಾಳೆ. ಮಾತುಕತೆ ನಡೆದಿದೆ.