ಬಾರಾಪೇಡೆಯ ಬಾವಲಿಯೊಡನೆ ಸಂದರ್ಶನ

ಹಿರಣ್ಯಕೇಶಿಯ ತೀರದ ಸಂಕೇಶ್ವರದಿಂದ ಹೊರಟು, ಖಾನಾಪುರವನ್ನು ಹಿಂದಿಕ್ಕಿ, ಸಹ್ಯಾದ್ರಿಯ ನೆತ್ತಿಯಲ್ಲಿ ಹಬ್ಬಿರುವ ಭೀಮಗಡ ಅಭಯಾರಣ್ಯವನ್ನು ಹೊಕ್ಕು, ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಯ ಮುಂದೆ ನಾವು ಏದುಸಿರು ಬಿಡುತ್ತ ನಿಂತಾಗ, ತಲೆಕೆಳಗಾಗಿ ತೂಗುತ್ತಿದ್ದ ರಾಟನ್ನನ ಬಾವಲಿಯು ತನ್ನ ವಿಶಾಲ ಕರ್ಣಗಳನ್ನು ನಮ್ಮೆಡೆಗೆ ತಿರುಗಿಸಿ, ಪ್ರಶ್ನೋತ್ತರಕ್ಕೆ ಅನುಮತಿಯಿತ್ತಿತು.

ಪ್ರಶ್ನೆ: ತಮ್ಮ ನಾಮಕರಣದ ವೃತ್ತಾಂತವನ್ನು ಅರುಹಬಹುದೇ?

ಉತ್ತರ: 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪಂಡಿತರು ನಮ್ಮ ಕುಲವನ್ನು ಶಾಸ್ತ್ರಗ್ರಂಥಕ್ಕೆ ಸೇರಿಸಿ, ಆಂಗ್ಲ ಅರಣ್ಯಾಧಿಕಾರಿಗಳಾದ ರಾಟನ್ನರ ಹೆಸರನ್ನು ನಮಗಿಟ್ಟರು. ನಿಮ್ಮ ಸಂಕೇಶ್ವರದ ಮೆಣಸಿನಕಾಯಿಗಾದರೂ ಊರಿನ ಹೆಸರನ್ನು ಹೊತ್ತು ಪೇಟೆಯಲ್ಲಿ ಮೆರೆಯುವ ಭಾಗ್ಯವುಂಟು. ಇಲ್ಲಿಯೇ ಹುಟ್ಟಿ ಇಲ್ಲಿಯೇ ತೂಗುವ ನಮಗೆ ಅದೂ ಇಲ್ಲ.

ಪ್ರಶ್ನೆ: ಸರ್ಕಾರವು ತಮ್ಮ ರಕ್ಷಣೆಗೆ ತ್ವರೆಮಾಡಿತಷ್ಟೆ?

ಉತ್ತರ: ಮಾಡದೇನು! ನಾಮಕರಣವಾಗಿ ಕೇವಲ 98 ವರ್ಷಗಳಿಗೆ, 2011ರಲ್ಲಿ, ಈ ಕಾಡು ಅಭಯಾರಣ್ಯವೆಂದು ಘೋಷಿತವಾಯಿತು. ಕಚೇರಿಯ ಕಡತಗಳ ದೀರ್ಘಾಯುಷ್ಯವನ್ನು ಬಲ್ಲ ತಾವು ಇದನ್ನು ವಿಳಂಬವೆನ್ನಲಾರಿರಿ.

ಪ್ರಶ್ನೆ: ಈ ಗುಹೆಯ ಹೊರತು ಭೂಮಂಡಲದಲ್ಲಿ ಮತ್ತೆಲ್ಲಿಯೂ ತಾವಿಲ್ಲವೆಂಬ ಖ್ಯಾತಿಯಿತ್ತಲ್ಲ?

ಉತ್ತರ: ಇತ್ತು. ಆ ವೈಭವದ ದಿನಗಳಲ್ಲಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯು ನಮ್ಮನ್ನು ಅಳಿವಿನ ತೀರ ಅಂಚಿನಲ್ಲಿರುವವರೆಂದು ನಿಸ್ಸಂಶಯವಾಗಿ ಸಾರಿತ್ತು. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ನಮ್ಮ ದಾಯಾದಿಗಳು ಕಾಣಿಸಿಕೊಂಡರು. 2008ರಲ್ಲಿ ನಮ್ಮ ಹೆಸರಿನ ಮುಂದೆ ‘ಮಾಹಿತಿ ಸಾಲದು’ ಎಂಬ ಷರಾ ಬಿದ್ದಿತು. ಒಂದೇ ಗುಹೆಯನ್ನು ಬಲ್ಲವರಾಗಿದ್ದಾಗ ಪಂಡಿತರಿಗೆ ಸಕಲವೂ ತಿಳಿದಿತ್ತು. ಮೂರು ಕಡೆ ನಮ್ಮನ್ನು ಕಂಡ ಮೇಲೆ ಏನೂ ತಿಳಿಯದಾಯಿತು. ಜ್ಞಾನವು ಬೆಳೆಯುವ ಕ್ರಮವೇ ಇದೆಂದು ತಿಳಿದು ನಾವು ಮನುಷ್ಯರನ್ನು ಕ್ಷಮಿಸಿದ್ದೇವೆ.

ಪ್ರಶ್ನೆ: ಆ ಕೊರತೆಯನ್ನು ನಾವೇ ತುಂಬಿಕೊಡುವೆವು. ಗುಹೆಯವರೆಗೆ ಡಾಂಬರು ರಸ್ತೆ, ಒಳಗೆ ವಿದ್ಯುದ್ದೀಪ, ಹೊರಗೊಂದು ಉಪಾಹಾರಗೃಹ, ಉದ್ಘಾಟನೆಗೆ ಮಂತ್ರಿಗಳು...

ಉತ್ತರ: ಹಗಲೆಲ್ಲ ಕತ್ತಲೆಯಲ್ಲಿ ವಿಶ್ರಮಿಸಿ, ಇರುಳಿನಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಜೀವಿಸುವ ನಮಗೆ ಆ ದೀಪವೊಂದೇ ಸಾಕು, ಕೆಂಪು ಪಟ್ಟಿಯ ಷರಾ ಪುನಃ ಬದಲಾಗಲು. ನಮ್ಮನ್ನು ಎಣಿಸಬೇಕಾದ ಪಂಡಿತರು ಮೆಲ್ಲನೆ ಬಂದು ಬೇಗನೆ ಹೋಗಲಿ. ಮಿಕ್ಕವರಿಗೆ ನಮ್ಮ ವಿಷಯದಲ್ಲಿ ಮಾಹಿತಿ ಸಾಲದಿದ್ದರೆ ನಮ್ಮ ಅಭ್ಯಂತರವೇನೂ ಇಲ್ಲ. ಪ್ರವಾಸಿಗರು ವಿಚಾರಿಸಿದರೆ, ದಾಯಾದಿಗಳನ್ನು ಕಾಣಲು ಮೇಘಾಲಯಕ್ಕೆ ಹೋಗಿದ್ದೇವೆಂದು ಹೇಳಿಬಿಡಿ.